ಪದವಿ ವಿದ್ಯಾರ್ಥಿಗಳ ತಂಡ ಸಂಶೋಧನೆ: 1987ರ ಮಂಡಲ ಪಂಚಾಯಿತಿ ಸದಸ್ಯೆಯರ ಚರಿತ್ರೆಯನ್ನು ದಾಖಲಿಸುವ ಬಗೆ

1987ರ ಜನವರಿಯಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮಂಡಲ ಪಂಚಾಯಿತಿ (ಹಲವು ಹಳ್ಳಿಗಳಿಗೆ ಒಂದರಂತೆ ಇದ್ದ ಪಂಚಾಯಿತಿ) ಮತ್ತು ಜಿಲ್ಲಾ ಮಟ್ಟದ ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆಯಿತು. ನಾಲ್ಕರಲ್ಲಿ ಒಂದು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶದ ಪಂಚಾಯಿತಿಗಳಲ್ಲಿ ಮೂರನೇ ಒಂದರಷ್ಟು ಮಹಿಳಾ ಮೀಸಲಾತಿ ಬಂದದ್ದು 1993ರ ಏಪ್ರಿಲ್ 24ರಂದು. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಸದಸ್ಯೆಯರಾಗಿ ಸಭೆಗೆ ಹೋಗಿದ್ದರು. ಆಗ 35 ವರ್ಷದವರಾಗಿದ್ದವರು ಈಗ 70 ದಾಟಿದ್ದಾರೆ. ಅವರ ಮಾತನ್ನು ಕೇಳಿ ಬರೆದಿಡಲು ನಮಗೆ ಹೆಚ್ಚು ವರ್ಷಗಳಿಲ್ಲ.

ಈ ಕೆಲಸಕ್ಕೆ ಪದವಿ ತರಗತಿಯ ವಿದ್ಯಾರ್ಥಿಗಳೇ ತಕ್ಕವರು ಎಂಬುದು ನನ್ನ ಗಟ್ಟಿ ನಂಬಿಕೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಬಿ.ಎ. ತರಗತಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ಅದೇ ಹಳ್ಳಿಗಳಿಂದ ಬಂದವರು. ಆ ಊರಿನ ಮಾತು, ಕೇರಿಗಳ ನಡುವಿನ ಸಂಬಂಧ, ಯಾರ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕು ಎಂಬ ತಿಳಿವಳಿಕೆ ಅವರಿಗಿದೆ. ದೂರದಿಂದ ಬಂದ ಸಂಶೋಧಕರಿಗೆ ಇದನ್ನು ಕಲಿಯಲು ತಿಂಗಳುಗಳೇ ಬೇಕು. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಪದ್ಧತಿ ಹಳೆಯದು. ಅಮೆರಿಕದ ಎಂಐಟಿ ಸಂಸ್ಥೆ 1969ರಲ್ಲೇ ಇದಕ್ಕಾಗಿ ಒಂದು ಕಾರ್ಯಕ್ರಮ ಆರಂಭಿಸಿತು. ನಮ್ಮಲ್ಲಿ ಇದು ಹೆಚ್ಚಾಗಿ ವಿಜ್ಞಾನದ ಪ್ರಯೋಗಾಲಯಗಳ ಮಾತಾಗಿಯೇ ಉಳಿದಿದೆ. ಚರಿತ್ರೆ ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಅಂಥ ಅವಕಾಶವನ್ನು ಯಾರಾದರೂ ಕೊಡುವವರೆಗೆ ಕಾಯಬೇಕಿಲ್ಲ. ಒಬ್ಬ ಅಧ್ಯಾಪಕರು, ಐದಾರು ವಿದ್ಯಾರ್ಥಿಗಳು, ಎರಡು ಸೆಮಿಸ್ಟರ್ ಇದ್ದರೆ ಸಾಕು.

ಹಿನ್ನೆಲೆ ಓದು

ಮೊದಲ ಎರಡು ಮೂರು ವಾರ ಹಳ್ಳಿಗೆ ಹೋಗಬೇಡಿ, ಓದಿ. ಪಂಚಾಯತ್ ರಾಜ್ ಸುಧಾರಣೆಗಾಗಿ ಕೇಂದ್ರ ಸರ್ಕಾರ ನೇಮಿಸಿದ್ದ ಅಶೋಕ ಮೆಹ್ತಾ ಸಮಿತಿ 1978ರಲ್ಲಿ ಕೊಟ್ಟ ವರದಿ ಮಂಡಲ ಪಂಚಾಯಿತಿಯ ಕಲ್ಪನೆಯನ್ನು ಮುಂದಿಟ್ಟಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರ ಸರ್ಕಾರ 1983ರ ಕಾಯ್ದೆಯ ಮೂಲಕ ಅದನ್ನು ಕರ್ನಾಟಕಕ್ಕೆ ತಂದಿತು. ಅದರ ಹಿಂದಿದ್ದ ಸಚಿವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿದ್ದರಿಂದ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಅವಧಿ ಮುಗಿದ ಮೇಲೆ 1992ರಲ್ಲಿ ಆಡಳಿತಾಧಿಕಾರಿಗಳು ಬಂದರು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಮಂಡಲಗಳನ್ನು ಕೈಬಿಟ್ಟು ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಎಂಬ ಮೂರು ಹಂತಗಳನ್ನು ಮಾಡಿತು. 2010ರಲ್ಲಿ ಮಹಿಳಾ ಮೀಸಲಾತಿ ಶೇ 50ಕ್ಕೆ ಏರಿತು.

ಈ ಸಂಗತಿಗಳನ್ನು ಒಂದು ಹಾಳೆಯಲ್ಲಿ ಇಸವಿವಾರು ಬರೆದು ತಂಡದ ಪ್ರತಿಯೊಬ್ಬರೂ ಜೇಬಿನಲ್ಲಿಟ್ಟುಕೊಳ್ಳಬೇಕು. ಹಿರಿಯರು ಮಾತನಾಡುವಾಗ ಪರಿಷತ್ತು, ಪಂಚಾಯಿತಿ, ಹಳೆಯ ತಾಲ್ಲೂಕು ಬೋರ್ಡು ಎಲ್ಲವೂ ಒಂದರೊಳಗೊಂದು ಬೆರೆತು ಬರುತ್ತವೆ. ಯಾವುದು ಯಾವಾಗಿನದು ಎಂದು ಆ ಕ್ಷಣದಲ್ಲೇ ಗುರುತಿಸುವವರಿಗೆ ಮಾತ್ರ ಮುಂದಿನ ಸರಿಯಾದ ಪ್ರಶ್ನೆ ಹೊಳೆಯುತ್ತದೆ.

ಇನ್ನೂ ಹಿಂದಕ್ಕೆ ಹೋಗುವ ಆಸೆಯುಳ್ಳ ತಂಡಗಳಿಗೆ ಮೈಸೂರು ಪ್ರಜಾ ಪ್ರತಿನಿಧಿ ಸಭೆ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರೊಂದಿಗೆ ಅದು ಮೊದಲು ಸೇರಿತು. ಅದರ ನಡಾವಳಿಗಳು, ಅಂದರೆ ಸಭೆಯ ಕಲಾಪದ ದಾಖಲೆಗಳು, ಮುದ್ರಿತವಾಗಿವೆ. ಅದು ಪತ್ರಾಗಾರದೊಳಗೆ ಕುಳಿತು ಮಾಡುವ ಕೆಲಸ, ಮನುಷ್ಯರ ನೆನಪಿನ ಕೆಲಸವಲ್ಲ. ಎರಡನ್ನೂ ಒಂದೇ ವರ್ಷದಲ್ಲಿ ಹಿಡಿಯಬೇಡಿ. ಮುದ್ರಿತ ಪುಟಗಳು ಇನ್ನೂ ಹತ್ತು ವರ್ಷ ಕಾಯುತ್ತವೆ, 1987ರ ಸದಸ್ಯೆಯರು ಕಾಯಲಾರರು.

ಪ್ರಶ್ನೆಯನ್ನು ಕಿರಿದುಗೊಳಿಸುವುದು

'ಪಂಚಾಯತ್ ರಾಜ್ ವ್ಯವಸ್ಥೆ ಮತ್ತು ಮಹಿಳಾ ಸಬಲೀಕರಣ: ಒಂದು ಅಧ್ಯಯನ' ಎಂಬ ಶೀರ್ಷಿಕೆಯನ್ನು ದಯವಿಟ್ಟು ಇಡಬೇಡಿ. ಅದರ ಕೆಳಗೆ ಏನು ಬರೆದರೂ ಪಠ್ಯಪುಸ್ತಕದ ಮಾತೇ ಬರುತ್ತದೆ. ಒಂದು ಹಳೆಯ ಮಂಡಲವನ್ನು ಆರಿಸಿಕೊಳ್ಳಿ. ಒಂದು ಮಂಡಲದಲ್ಲಿ ಸುಮಾರು 8ರಿಂದ 12 ಸಾವಿರ ಜನಸಂಖ್ಯೆ ಇರುತ್ತಿತ್ತು. 400 ಜನಕ್ಕೊಬ್ಬರಂತೆ ಲೆಕ್ಕ ಹಾಕಿದರೆ ಇಪ್ಪತ್ತರಿಂದ ಮೂವತ್ತು ಸದಸ್ಯರು, ಅವರಲ್ಲಿ ಐದರಿಂದ ಎಂಟು ಮಹಿಳೆಯರು. ಒಂದು ತಂಡ ಒಂದು ವರ್ಷದಲ್ಲಿ ಪೂರ್ತಿಯಾಗಿ ಹುಡುಕಿ, ಮಾತನಾಡಿಸಿ, ಬರೆಯಬಹುದಾದ ಅಳತೆ ಅದು.

ಪ್ರಶ್ನೆ ಹೀಗಿರಲಿ: ಈ ಮಂಡಲದಲ್ಲಿ ಮಹಿಳೆಯರನ್ನು ಚುನಾವಣೆಗೆ ನಿಲ್ಲಿಸಿದವರು ಯಾರು, ಒಪ್ಪಿಗೆ ಕೇಳಿದ್ದು ಯಾರನ್ನು? ಸಭೆಯಲ್ಲಿ ಅವರು ಆಡಿದ ಮಾತು ನಡಾವಳಿ ಪುಸ್ತಕಕ್ಕೆ ಬಂತೇ? ಅವರ ಒತ್ತಾಯದಿಂದ ಆದ ಕೆಲಸ ಯಾವುದು, ಅದು ಇಂದಿಗೂ ಊರಿನಲ್ಲಿದೆಯೇ? ಅವಧಿ ಮುಗಿದ ಮೇಲೆ ಅವರು ಎಲ್ಲಿಗೆ ಹೋದರು? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮತ್ತೆ ಕೂಲಿಗೆ ಹೋದವರಿರಬಹುದು, ಮಹಿಳಾ ಸಂಘ ಕಟ್ಟಿದವರಿರಬಹುದು, ಮಗನನ್ನೋ ಸೊಸೆಯನ್ನೋ ಮುಂದಿನ ಚುನಾವಣೆಗೆ ನಿಲ್ಲಿಸಿದವರಿರಬಹುದು. ಪ್ರಜಾಪ್ರಭುತ್ವ ಒಂದು ಮನೆಯೊಳಗೆ ಏನು ಉಳಿಸಿಹೋಯಿತು ಎಂಬುದು ಇಲ್ಲಿ ಕಾಣುತ್ತದೆ.

ತಂಡ

ಐದು ಅಥವಾ ಆರು ಮಂದಿ ಸಾಕು. ಹತ್ತಾದರೆ ನಾಲ್ವರು ಕೆಲಸ ಮಾಡುತ್ತಾರೆ, ಉಳಿದವರು ಹೆಸರು ಹಾಕಿಸಿಕೊಳ್ಳುತ್ತಾರೆ. ಅರ್ಧದಷ್ಟಾದರೂ ವಿದ್ಯಾರ್ಥಿನಿಯರಿರಲಿ. ಕಾರಣ ಸರಳ: ಹಿರಿಯ ಹೆಣ್ಣುಮಕ್ಕಳು ಒಳಮನೆಗೆ ಕರೆದು ಮಾತನಾಡುವುದು ಅವರೊಂದಿಗೇ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ. ತಂಡದ ಬಳಿ ಇರುವ ಸಣ್ಣ ಮೊತ್ತ ಜೆರಾಕ್ಸ್, ಪೆನ್‌ಡ್ರೈವ್ ಮತ್ತು ಹುಡುಗರ ಬಸ್ ಖರ್ಚಿಗೆ ಉಳಿಯುತ್ತದೆ.

ಕೆಲಸ ಹಂಚುವಾಗ ಒಬ್ಬರಿಗೆ ಕಡತ, ಒಬ್ಬರಿಗೆ ಸಂದರ್ಶನ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಬೇಡಿ. ಎಲ್ಲರೂ ಒಮ್ಮೆಯಾದರೂ ಪಂಚಾಯಿತಿ ಕಚೇರಿಯ ಬೀರುವಿನ ಮುಂದೆ ಕುಳಿತಿರಬೇಕು, ಒಬ್ಬ ಅಜ್ಜಿಯ ಮಾತು ಕೇಳಿರಬೇಕು. ಆದರೆ ಹೊಣೆ ಒಬ್ಬೊಬ್ಬರ ಹೆಸರಿನಲ್ಲಿರಲಿ: ಧ್ವನಿಮುದ್ರಣಗಳ ಕಾವಲು ಒಬ್ಬರದು, ಹೆಸರುಗಳ ಪಟ್ಟಿ ಒಬ್ಬರದು, ಪತ್ರ ವ್ಯವಹಾರ ಒಬ್ಬರದು, ದಿನಚರಿ ಒಬ್ಬರದು. ಯಾರು ಎಲ್ಲಿಗೆ ಹೋದರು, ಯಾರನ್ನು ಕಂಡರು, ಏನು ಸಿಗಲಿಲ್ಲ ಎಂಬುದನ್ನು ಆ ದಿನವೇ ಬರೆಯುವ ನೋಟ್‌ಬುಕ್ ಒಂದು ಇರಲೇಬೇಕು. ವರದಿ ಬರೆಯುವಾಗ ಅತಿ ಹೆಚ್ಚು ನೆರವಾಗುವುದು ಅದೇ.

ಅಂತಿಮ ಬರಹದಲ್ಲಿ ಯಾರ ಹೆಸರು ಹೇಗೆ ಬರಬೇಕೆಂದು ಮೊದಲ ವಾರವೇ ಬರೆದು ಎಲ್ಲರೂ ಸಹಿ ಹಾಕಿ. ಅಧ್ಯಾಪಕರಿಗೆ ಇಲ್ಲಿ ಒಂದು ಮಾತು. ವಿದ್ಯಾರ್ಥಿಗಳು ಬರೆದದ್ದನ್ನು ತಮ್ಮೊಬ್ಬರ ಹೆಸರಿನಲ್ಲಿ ವಿಚಾರ ಸಂಕಿರಣಕ್ಕೆ ಕಳುಹಿಸುವುದು ಅನ್ಯಾಯ. ಆ ಅನ್ಯಾಯ ನಡೆಯುತ್ತಿರುವುದರಿಂದಲೇ ಇದನ್ನು ಹೇಳಬೇಕಾಗಿದೆ.

ಕಡತಗಳನ್ನು ಹುಡುಕುವುದು

ಇದು ಎಲ್ಲಕ್ಕಿಂತ ತಾಳ್ಮೆ ಬೇಡುವ ಹಂತ. 1993ರ ನಂತರ ಒಂದು ಮಂಡಲ ಎರಡು ಮೂರು ಗ್ರಾಮ ಪಂಚಾಯಿತಿಗಳಾಗಿ ಒಡೆದಿರಬಹುದು. ಹಾಗಾಗಿ ಮಂಡಲದ ಕಚೇರಿ ಯಾವ ಊರಿನಲ್ಲಿತ್ತು ಎಂದು ಮೊದಲು ಕೇಳಿ, ಆ ಊರಿನ ಈಗಿನ ಗ್ರಾಮ ಪಂಚಾಯಿತಿಯಿಂದ ಹುಡುಕಾಟ ಆರಂಭಿಸಿ. ಅಲ್ಲಿ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿ, ಆಮೇಲೆ ಜಿಲ್ಲಾ ಪಂಚಾಯಿತಿ. ಜಿಲ್ಲೆಗಳು ಒಡೆದಿರುವುದನ್ನೂ ಮರೆಯಬೇಡಿ. 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು. ಉಡುಪಿಯ ತಂಡ ಜಿಲ್ಲಾ ಪರಿಷತ್ತಿನ ಕಡತ ಕೇಳಿಕೊಂಡು ಮಂಗಳೂರಿಗೆ, ಚಾಮರಾಜನಗರದವರು ಮೈಸೂರಿಗೆ, ಹಾವೇರಿ ಮತ್ತು ಗದಗದವರು ಧಾರವಾಡಕ್ಕೆ, ಕೊಪ್ಪಳದವರು ರಾಯಚೂರಿಗೆ, ಬಾಗಲಕೋಟೆಯವರು ವಿಜಯಪುರಕ್ಕೆ ಹೋಗಬೇಕಾದೀತು.

ಪ್ರಾಂಶುಪಾಲರ ಸಹಿ, ಕಾಲೇಜಿನ ಮೊಹರು ಇರುವ ಪತ್ರವಿಲ್ಲದೆ ಪಂಚಾಯಿತಿಗೆ ಹೋಗಬೇಡಿ. ಪತ್ರವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಕಡತ ಎಲ್ಲಿದೆ ಎಂಬುದು ಮಾತ್ರ ಅವರಿಗಿಂತ ಹಳೆಯ ಬಿಲ್ ಕಲೆಕ್ಟರಿಗೋ ನೀರುಗಂಟಿಗೋ ಚೆನ್ನಾಗಿ ಗೊತ್ತಿರುತ್ತದೆ. ಪಿಡಿಒಗಳು ವರ್ಗವಾಗಿ ಹೋಗುತ್ತಾರೆ, ಇವರು ಅಲ್ಲೇ ಇರುತ್ತಾರೆ. ಅವರನ್ನು ಗೌರವದಿಂದ ಮಾತನಾಡಿಸಿ, ವರದಿಯಲ್ಲಿ ಅವರ ನೆರವನ್ನು ನೆನೆಯಿರಿ.

ಕಚೇರಿ ಕೊಡಲೊಪ್ಪದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಪ್ರತಿಯೊಂದು ಪುಟದ ನಕಲಿಗೆ 2 ರೂಪಾಯಿ, ಉತ್ತರ ಕೊಡಲು 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. 'ಮಂಡಲದ ಎಲ್ಲ ದಾಖಲೆ ಕೊಡಿ' ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. '1987ರಿಂದ 1992ರವರೆಗಿನ ಸಾಮಾನ್ಯ ಸಭೆಯ ನಡಾವಳಿ ಪುಸ್ತಕಗಳನ್ನು ಪರಿಶೀಲಿಸಲು ಅವಕಾಶ ಕೊಡಿ' ಎಂದು ಬರೆಯಿರಿ. ಆದರೂ ಇದು ಕೊನೆಯ ದಾರಿ. ಪತ್ರ ಮತ್ತು ಮಾತಿನಿಂದ ಆಗುವ ಕೆಲಸಕ್ಕೆ ಮೊದಲ ದಿನವೇ ಅರ್ಜಿ ಹಾಕಿದರೆ ಇಡೀ ವರ್ಷ ಆ ಕಚೇರಿಯ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ.

ಪುಸ್ತಕ ಕೈಗೆ ಬಂತೆಂದುಕೊಳ್ಳಿ. ಅದನ್ನು ಓದುವುದೇ ಒಂದು ವಿದ್ಯೆ, ಇಲ್ಲಿ ಅವಸರ ಮಾಡಬೇಡಿ. ಮೇಲ್ಗಡೆ ಸಭೆಯ ದಿನಾಂಕ, ಸ್ಥಳ, ಅಧ್ಯಕ್ಷತೆ ವಹಿಸಿದವರ ಹೆಸರು ಇರುತ್ತದೆ. ಅದರ ಕೆಳಗೆ ಹಾಜರಿದ್ದವರ ಸಹಿಗಳು. ಕಣ್ಣು ಮೊದಲು ನಿಲ್ಲಬೇಕಾದದ್ದು ಅಲ್ಲಿ. ಯಾರದು ಸಹಿ, ಯಾರದು ಹೆಬ್ಬೆಟ್ಟು? ಒಬ್ಬ ಸದಸ್ಯೆಯ ಹೆಸರಿನ ಎದುರು ಮೊದಲ ವರ್ಷವೆಲ್ಲ ಹೆಬ್ಬೆಟ್ಟಿದ್ದು ಮುಂದೊಂದು ಸಭೆಯಲ್ಲಿ ವಕ್ರವಾದ ಅಕ್ಷರಗಳ ಸಹಿ ಕಂಡರೆ ಆ ಪುಟದ ಸಂಖ್ಯೆ ಬರೆದುಕೊಳ್ಳಿ. ಸಂದರ್ಶನದಲ್ಲಿ ಕೇಳಬೇಕಾದ ಅತ್ಯುತ್ತಮ ಪ್ರಶ್ನೆ ಅಲ್ಲಿದೆ. ಸಹಿಗಳೆಲ್ಲ ಒಂದೇ ಕೈಬರಹದಲ್ಲಿದ್ದರೆ, ಪುಸ್ತಕವನ್ನು ಮನೆಮನೆಗೆ ಕಳುಹಿಸಿ ಸಹಿ ಹಾಕಿಸಿದ್ದರೇ ಎಂದು ವಿಚಾರಿಸಬೇಕು. ಆಮೇಲೆ ವಿಷಯಗಳು, ತೀರ್ಮಾನಗಳು, ಪ್ರತಿ ತೀರ್ಮಾನಕ್ಕೂ ಸೂಚಕರು ಮತ್ತು ಅನುಮೋದಕರು. ಮಹಿಳೆಯರ ಹೆಸರು ಸೂಚಕರಾಗಿ ಎಷ್ಟು ಬಾರಿ ಬಂದಿದೆ, ಅನುಮೋದಕರಾಗಿ ಎಷ್ಟು ಬಾರಿ, ಯಾವ ವಿಷಯಕ್ಕೆ ಎಂದು ಒಂದು ಪಟ್ಟಿ ಮಾಡಿ. 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂಬ ಸಾಲು ಪುಟಪುಟದಲ್ಲೂ ಸಿಗುತ್ತದೆ. ಅದನ್ನು ನಂಬುವ ಮೊದಲು ಆ ಸಭೆಯಲ್ಲಿದ್ದವರನ್ನು ಕೇಳಿ.

ಪುಟಗಳ ಚಿತ್ರ ತೆಗೆಯಲು ಅನುಮತಿ ಸಿಕ್ಕರೆ ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಬೇಕಾದದ್ದನ್ನು ಮಾತ್ರ ತೆಗೆದವರು ಮುಂದೆ ಪರಿತಪಿಸುತ್ತಾರೆ, ಏಕೆಂದರೆ ಏನು ಬೇಕೆಂಬುದು ಗೊತ್ತಾಗುವುದೇ ಆರು ತಿಂಗಳ ನಂತರ.

ಕಡತ ಗೆದ್ದಲಿಗೆ ಹೋಗಿದ್ದರೂ ಯೋಜನೆ ನಿಲ್ಲುವುದಿಲ್ಲ. 1987ರ ಜನವರಿ, ಫೆಬ್ರುವರಿ ತಿಂಗಳ ಪ್ರಜಾವಾಣಿ, ಸಂಯುಕ್ತ ಕರ್ನಾಟಕ, ಉದಯವಾಣಿ, ಕನ್ನಡಪ್ರಭ ಸಂಚಿಕೆಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ, ಬೆಂಗಳೂರಿನ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಮೈಸೂರಿನಲ್ಲಿ ನಜೀರ್ ಸಾಬ್ ಅವರ ಹೆಸರಿನಲ್ಲೇ ಇರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಈ ಮೂರರ ಗ್ರಂಥಾಲಯಗಳಿಗೂ ಪತ್ರ ಬರೆಯಿರಿ. ಹಳೆಯ ಸರ್ಕಾರಿ ಆದೇಶಗಳಿಗೆ ರಾಜ್ಯ ಪತ್ರಾಗಾರ ಇಲಾಖೆ ಇದೆ.

ಸದಸ್ಯೆಯರನ್ನು ಹುಡುಕುವುದು

ಊರಿಗೆ ಹೋಗಿ ದಾಖಲೆಯಲ್ಲಿರುವ ಹೆಸರು ಹೇಳಿದರೆ ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲ. ಊರು ಅವರನ್ನು ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಗುರುತಿಟ್ಟುಕೊಂಡಿರುತ್ತದೆ. ಈ ರೋಗ ಹಳೆಯದು: 1951–52ರ ಮೊದಲ ಮಹಾಚುನಾವಣೆಯಲ್ಲಿ ತಮ್ಮ ಹೆಸರು ಹೇಳದೆ ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರು ಮತದಾರರ ಪಟ್ಟಿಯಿಂದ ಹೊರಗುಳಿಯಬೇಕಾಯಿತು. ಹಾಗಾಗಿ ಹೆಸರಿನ ಜೊತೆಗೆ ಕೇರಿ, ಮನೆತನ, ಗಂಡನ ಹೆಸರು ಎಲ್ಲವನ್ನೂ ಪಟ್ಟಿಯಲ್ಲಿಡಿ. ನಿವೃತ್ತ ಶಾಲಾ ಮೇಷ್ಟರು, ಹಳೆಯ ಅಂಗನವಾಡಿ ಕಾರ್ಯಕರ್ತೆ, ಸೊಸೈಟಿ ಕಾರ್ಯದರ್ಶಿ, ಈ ಮೂವರಲ್ಲಿ ಒಬ್ಬರಿಗೆ ಖಂಡಿತ ಗೊತ್ತಿರುತ್ತದೆ. ಕೆಲವರು ಮಗಳ ಮನೆಗೋ ಬೆಂಗಳೂರಿನಲ್ಲಿರುವ ಮಗನ ಮನೆಗೋ ಹೋಗಿರುತ್ತಾರೆ. ತೀರಿಹೋದವರ ಮನೆಗೂ ಹೋಗಿ. ಮಕ್ಕಳ ನೆನಪು, ಗೋಡೆಯ ಮೇಲಿನ ಫೋಟೊ, ಪೆಟ್ಟಿಗೆಯಲ್ಲಿರುವ ಚುನಾವಣೆಯ ಕರಪತ್ರ ಇವೂ ಆಕರಗಳೇ.

ಸಂದರ್ಶನ

ಮೊದಲ ಭೇಟಿಯಲ್ಲಿ ಮೊಬೈಲ್ ಹೊರತೆಗೆಯಬೇಡಿ. ಯಾರ ಮಕ್ಕಳು, ಯಾವ ಊರು, ಯಾವ ಕಾಲೇಜು ಎಂದು ಅವರು ನಿಮ್ಮನ್ನು ವಿಚಾರಿಸಿಕೊಳ್ಳಲಿ. ಆ ಊರಿನ ರೂಢಿಯಂತೆ ಅಜ್ಜಿ, ಅವ್ವ, ಅಮ್ಮ, ದೊಡ್ಡಮ್ಮ ಎಂದು ಕರೆಯಿರಿ. ಮೇಡಂ ಎನ್ನುವುದು ದೂರ ತಳ್ಳುತ್ತದೆ. ಯಾಕೆ ಬಂದಿದ್ದೀರಿ, ಧ್ವನಿಯನ್ನು ಎಲ್ಲಿಡುತ್ತೀರಿ, ಹೆಸರು ಹಾಕಬೇಕೋ ಬೇಡವೋ, ಬೇಡವೆಂದರೆ ಯಾವಾಗ ಬೇಕಾದರೂ ಅಳಿಸಬಹುದು ಎಂಬುದನ್ನು ಓದಿ ಹೇಳಿ. ಓದಲು ಬಾರದವರ ಒಪ್ಪಿಗೆಯನ್ನು ಧ್ವನಿಯಲ್ಲೇ ದಾಖಲಿಸಿಕೊಳ್ಳಿ. ಸರ್ಕಾರದ ಪಿಂಚಣಿಯೋ ಮನೆಯೋ ಸಿಗುತ್ತದೆಂಬ ಆಸೆ ಅವರಲ್ಲಿ ಹುಟ್ಟಿದರೆ, ಇದರಿಂದ ಅಂಥದ್ದೇನೂ ಸಿಗುವುದಿಲ್ಲ ಎಂದು ಆಗಲೇ ಸ್ಪಷ್ಟವಾಗಿ ಹೇಳಬೇಕು.

ಗಂಡನೋ ಮಗನೋ ಪಕ್ಕದಲ್ಲಿ ಕುಳಿತು ಎಲ್ಲ ಪ್ರಶ್ನೆಗೂ ತಾನೇ ಉತ್ತರಿಸುವುದು ಸಾಮಾನ್ಯ. ಅವರನ್ನು ಸುಮ್ಮನಿರಿಸಲು ಹೋಗಬೇಡಿ. ತಂಡದ ಇಬ್ಬರು ಹುಡುಗರು ಜಗಲಿಯಲ್ಲಿ ಅವರೊಂದಿಗೆ ಆ ಕಾಲದ ಪಕ್ಷ ರಾಜಕೀಯ ಮಾತನಾಡಲಿ. ಹುಡುಗಿಯರು ಒಳಗೆ ಅಜ್ಜಿಯೊಂದಿಗೆ ಕೂರಲಿ. ಎರಡೂ ಮಾತುಕತೆ ಬೇಕಾದವೇ, ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ.

'ಮಹಿಳಾ ಮೀಸಲಾತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?' ಎಂಬ ಪ್ರಶ್ನೆಗೆ 'ಒಳ್ಳೆಯದೇ' ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಾಮಪತ್ರ ಹಾಕುವ ದಿನ ಯಾರ ಜೊತೆ ಹೋದಿರಿ, ಯಾವ ಗಾಡಿಯಲ್ಲಿ? ಮೊದಲ ಸಭೆಯಲ್ಲಿ ಎಲ್ಲಿ ಕುಳಿತಿರಿ, ಕುರ್ಚಿಯ ಮೇಲೋ ಚಾಪೆಯ ಮೇಲೋ? ದಲಿತ ಸದಸ್ಯೆಯರಿಗೆ ಚಹಾ ಯಾವ ಲೋಟದಲ್ಲಿ ಬಂತು? ಸಭೆಗೆ ಹೋದ ದಿನ ಮಗುವನ್ನು ಯಾರು ನೋಡಿಕೊಂಡರು, ಆ ದಿನದ ಕೂಲಿ ಹೋಯಿತೇ? ಇಂಥ ಪ್ರಶ್ನೆಗಳಿಂದ ನೆನಪು ಬಿಚ್ಚಿಕೊಳ್ಳುತ್ತದೆ. ಇಸವಿ ಕೇಳಬೇಡಿ. ಬರಗಾಲಕ್ಕೆ ಮೊದಲೋ ಆಮೇಲೋ, ದೊಡ್ಡ ಮಗಳ ಮದುವೆಗೆ ಮೊದಲೋ ಆಮೇಲೋ ಎಂದು ಕೇಳಿ. ಮಾತು ನಿಂತಾಗ ನೀವೂ ಸುಮ್ಮನಿರಿ.

ಎರಡನೇ ಭೇಟಿಗೆ ನಡಾವಳಿಯ ಪುಟದ ನಕಲನ್ನು ತೆಗೆದುಕೊಂಡು ಹೋಗಿ ಅವರ ಸಹಿ ತೋರಿಸಿ, ಆ ತೀರ್ಮಾನವನ್ನು ಗಟ್ಟಿಯಾಗಿ ಓದಿ ಹೇಳಿ. ಮೊದಲ ದಿನ ಬಾರದ ಮಾತು ಆಗ ಬರುತ್ತದೆ. ಒಬ್ಬೊಬ್ಬರಿಗೆ ಎರಡು ಭೇಟಿ ಕಡ್ಡಾಯ ಎಂಬುದು ಇದಕ್ಕಾಗಿಯೇ.

ಬರಹಕ್ಕೆ ಇಳಿಸುವುದು

ಧ್ವನಿ ಮುದ್ರಿಸುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಮನೆಗೆ ಬಂದ ದಿನವೇ ಧ್ವನಿ ಕಡತಕ್ಕೆ ದಿನಾಂಕ, ಊರು, ಕ್ರಮಸಂಖ್ಯೆ ಹಾಕಿ ಮೂರು ಕಡೆ ನಕಲು ಮಾಡಿ. ಒಂದು ಗಂಟೆಯ ಮಾತನ್ನು ಬರೆದಿಳಿಸಲು ಐದಾರು ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಂಡೇ ವೇಳಾಪಟ್ಟಿ ಮಾಡಿ. ಅವರು ಆಡಿದ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ಚಾಮರಾಜನಗರದ ಮಾತು ಚಾಮರಾಜನಗರದ್ದಾಗಿ, ಕಲಬುರಗಿಯದು ಕಲಬುರಗಿಯದಾಗಿ ಇರಲಿ.

ಕಾಗದ ಮತ್ತು ನೆನಪು ಹೊಂದದ ಕಡೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಕೊಳವೆಬಾವಿ ತನ್ನ ಒತ್ತಾಯದಿಂದ ಬಂತೆಂದು ಸದಸ್ಯೆ ಹೇಳುತ್ತಾರೆ, ನಡಾವಳಿಯಲ್ಲಿ ಸೂಚಕರಾಗಿ ಬೇರೊಬ್ಬರ ಹೆಸರಿದೆ ಎಂದುಕೊಳ್ಳಿ. ಕಾಗದವೇ ನಿಜ, ನೆನಪು ಸುಳ್ಳು ಎಂದು ತೀರ್ಪು ಕೊಡುವ ಮೊದಲು ನಡಾವಳಿ ಬರೆದವರು ಯಾರು, ಯಾವಾಗ ಬರೆದರು ಎಂದು ನೋಡಿ. ಅದೇ ಕೇರಿಯ ಇನ್ನಿಬ್ಬರನ್ನು ಕೇಳಿ. ಆಗಲೂ ತೀರ್ಮಾನಕ್ಕೆ ಬರಲಾಗದಿದ್ದರೆ ಹಾಗೆಂದೇ ಬರೆಯುವುದು ಪ್ರಾಮಾಣಿಕ ಚರಿತ್ರೆ.

ವಾರಕ್ಕೊಮ್ಮೆ ತಂಡ ಸೇರಿ ಆ ವಾರದ ಒಂದು ಸಂದರ್ಶನವನ್ನು ಗಟ್ಟಿಯಾಗಿ ಓದಿ ಚರ್ಚಿಸಬೇಕು. ವರದಿಯನ್ನು ಅಧ್ಯಾಯಕ್ಕೊಬ್ಬರಂತೆ ಹಂಚಿ ಬರೆದರೂ ಕೊನೆಯಲ್ಲಿ ಇಬ್ಬರು ಕೂತು ಆರಂಭದಿಂದ ಕೊನೆಯವರೆಗೆ ತಿದ್ದಬೇಕು. ನಲವತ್ತು ಐವತ್ತು ಪುಟ ಧಾರಾಳವಾಯಿತು.

ವರದಿ ಎಲ್ಲಿಗೆ ಹೋಗಬೇಕು

ಕರ್ನಾಟಕ ಇತಿಹಾಸ ಅಕಾಡೆಮಿಯ ಸಮ್ಮೇಳನಕ್ಕೆ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಕಿರಣಕ್ಕೆ ಪ್ರಬಂಧ ಕಳುಹಿಸಿ. ಮಾತನಾಡಿದ ಪ್ರತಿಯೊಬ್ಬ ಸದಸ್ಯೆಯ ಮನೆಗೂ ಒಂದು ಪ್ರತಿ, ಅವರ ಧ್ವನಿಯಿರುವ ಪೆನ್‌ಡ್ರೈವ್ ಒಂದು ತಲುಪಬೇಕು. ಅಚ್ಚಿಗೆ ಹೋಗುವ ಮೊದಲು ಅವರ ಬಗ್ಗೆ ಬರೆದ ಭಾಗವನ್ನು ಅವರಿಗೇ ಓದಿ ಹೇಳಿ. ತೆಗೆಯಿರಿ ಎಂದದ್ದನ್ನು ತೆಗೆಯಿರಿ. ಇನ್ನೊಂದು ಪ್ರತಿ ಊರಿನ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಸೇರಲಿ. ಪಂಚಾಯಿತಿ ಒಪ್ಪಿದರೆ ಗ್ರಾಮಸಭೆಯಲ್ಲಿ ಹದಿನೈದು ನಿಮಿಷ ಕೇಳಿಕೊಂಡು ವಿದ್ಯಾರ್ಥಿಗಳೇ ಅದನ್ನು ಮಂಡಿಸಲಿ. ಈಗಿನ ಸದಸ್ಯೆಯರಲ್ಲಿ ಹಲವರಿಗೆ ತಮಗಿಂತ ಮೊದಲು ಆ ಸಭೆಯಲ್ಲಿ ಕುಳಿತವರ ಹೆಸರೇ ತಿಳಿದಿರುವುದಿಲ್ಲ.

ಮೂಲ ಧ್ವನಿಮುದ್ರಣ, ಒಪ್ಪಿಗೆ ಪತ್ರ, ದಿನಚರಿಯ ನೋಟ್‌ಬುಕ್ ಇವನ್ನು ಕಾಲೇಜು ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ನಮೂದಿಸಿ ಒಪ್ಪಿಸಬೇಕು. ಅಂತಿಮ ವರ್ಷದವರು ಕಾಲೇಜು ಬಿಟ್ಟಾಗ ಅವರ ಮೊಬೈಲಿನೊಂದಿಗೆ ಎಲ್ಲವೂ ಹೊರಟುಹೋಗುವುದು ಹೀಗೆ ತಪ್ಪುತ್ತದೆ. ಹೆಸರು ಬೇಡವೆಂದವರ ಕಡತಗಳನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಡಿ. ಜೊತೆಗೆ ಇನ್ನೂ ಭೇಟಿಯಾಗದ ಸದಸ್ಯೆಯರ ಪಟ್ಟಿಯನ್ನು ಊರು, ಕೇರಿ, ಈಗಿರುವ ಸ್ಥಳದ ಸಮೇತ ಬರೆದು ಎರಡನೇ ವರ್ಷದ ವಿದ್ಯಾರ್ಥಿಗಳ ಕೈಗೆ ಕೊಡಿ. ಅವರು ಪಕ್ಕದ ಮಂಡಲವನ್ನು ಆರಿಸಿಕೊಳ್ಳುವ ಮೊದಲು ಆ ಪಟ್ಟಿಯನ್ನು ಮುಗಿಸಲಿ, ಅದರಲ್ಲೂ ಅತಿ ಹಿರಿಯರಿಂದ ಆರಂಭಿಸಲಿ.